ಪಟ್ಟಿಗೆ ಕೊಟ್ಟ ಇನ್ನೂರು ರೂಪಾಯಿ ಎಲ್ಲಿಗೆ ಹೋಯ್ತು?

ಊರಿನ ಕ್ಲಬ್ಬು ಆಹಾರ ಮೇಳ ಮಾಡುತ್ತದೆ, ಹಾಸ್ಯ ಸಂಜೆ ಮಾಡುತ್ತದೆ, ಬಂದ ಹಣವನ್ನು ಒಳ್ಳೆ ಕೆಲಸಕ್ಕೆ ಕೊಡುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯವರಾಗಿ ದೂರದ ಊರಲ್ಲಿ ದುಡಿಯುತ್ತಿರುವ ನಾವು ಆ ಹಣದ ಜೊತೆ ಇನ್ನೇನು ಕೊಡಬಹುದು?

ಊರಿನ ವಾಟ್ಸಾಪ್ ಗುಂಪಿನಲ್ಲಿ ಪೋಸ್ಟರ್ ಬರುತ್ತದೆ. ಮೇಲೆ ಕ್ಲಬ್ಬಿನ ಲಾಂಛನ, ನಡುವೆ ದೊಡ್ಡ ಅಕ್ಷರದಲ್ಲಿ ಕಾರ್ಯಕ್ರಮದ ಹೆಸರು, ಕೆಳಗೆ ಕ್ಯೂಆರ್ ಕೋಡ್. ‘ಸಂಗ್ರಹವಾದ ಹಣವನ್ನು ಸಮಾಜಸೇವೆಗೆ ಬಳಸಲಾಗುವುದು’ ಅಂತ ಒಂದು ಸಾಲು. ಬೆನ್ನಿಗೇ ಹೈಸ್ಕೂಲ್ ಗೆಳೆಯನ ಫೋನು: “ಅಲ್ಲೋ ದೋಸ್ತ, ನೀ ಬೆಂಗಳೂರಾಗಿದ್ರ ಏನಾತು, ಒಂದು ಪಾಸ್ ತಗೋಳಾಕ ಏನಡ್ಡಿ?”

ಅಡ್ಡಿ ಏನಿಲ್ಲ. ಇನ್ನೂರು ರೂಪಾಯಿ ಕಳಿಸಿ ಮರೆತುಬಿಡುತ್ತೇವೆ. ಎರಡು ತಿಂಗಳಾದ ಮೇಲೆ ಅದೇ ಗುಂಪಿಗೆ ಒಂದು ಫೋಟೊ ಬರುತ್ತದೆ. ಬಾಗಿಲಿನಷ್ಟು ದೊಡ್ಡ ಚೆಕ್ಕು, ಅದನ್ನು ಹಿಡಿದುಕೊಂಡ ಹತ್ತು ಜನ, ಶಾಲು, ಹಾರ. ಯಾರಿಗಾಗಿ ಆ ಹಣವೋ ಅವರು ಫೋಟೊದ ಒಂದು ಮೂಲೆಯಲ್ಲಿ ಅರ್ಧ ಕಾಣುತ್ತಾರೆ. ನಾವೂ ಒಂದು ಕೈಮುಗಿಯುವ ಇಮೋಜಿ ಒತ್ತಿ ಮುಂದಕ್ಕೆ ಹೋಗುತ್ತೇವೆ.

ಅಲ್ಲೇ ಸ್ವಲ್ಪ ನಿಲ್ಲಬೇಕು. ಆ ಇನ್ನೂರು ರೂಪಾಯಿ ನಿಜಕ್ಕೂ ಏನು ಮಾಡಿತು ಅಂತ ಕೇಳಬೇಕು. ಅನುಮಾನದಿಂದ ಅಲ್ಲ; ಸಣ್ಣ ಊರಿನ ಸೇವಾ ಕ್ಲಬ್ಬುಗಳಿಗೆ ಈಗ ಬೇಕಾಗಿರುವುದು ಕೇಳುವವರೇ ಆದ್ದರಿಂದ.

ಪಟ್ಟಿ ನಮಗೇನು ಹೊಸದಲ್ಲ

ನಮ್ಮ ಕಡೆ ಇದಕ್ಕೆ ‘ಪಟ್ಟಿ ಎತ್ತೋದು’ ಅಂತ ಹೆಸರು. ಜಾತ್ರೆಗೆ ಪಟ್ಟಿ, ಗುಡಿ ಜೀರ್ಣೋದ್ಧಾರಕ್ಕೆ ಪಟ್ಟಿ, ನಾಟಕಕ್ಕೆ ಪಟ್ಟಿ, ಗಣಪತಿಗೆ ಪಟ್ಟಿ. ನಾಲ್ಕು ಜನ ಹಿರಿಯರು ಮನೆ ಮುಂದೆ ಬಂದು, “ಎಷ್ಟು ಬರ್ಕೊಳ್ಳಲಿ ಯಜಮಾನ್ರ?” ಅಂದರೆ ಇಲ್ಲ ಅನ್ನುವ ಹಾಗಿಲ್ಲ. ದುಡ್ಡಿಲ್ಲದವರು ಜೋಳ ಕೊಡುತ್ತಾರೆ, ಜೋಳ ಇಲ್ಲದವರು ಎರಡು ದಿನ ದುಡಿದು ಕೊಡುತ್ತಾರೆ. ಮಠಗಳ ದಾಸೋಹ ನಡೆದದ್ದೂ ಹೀಗೇ. ಗೋಡಚಿಯ ವೀರಭದ್ರೇಶ್ವರ ಜಾತ್ರೆಯಿರಲಿ, ಸವದತ್ತಿ ಯಲ್ಲಮ್ಮನ ಗುಡ್ಡದ ಬನದ ಹುಣ್ಣಿಮೆಯಿರಲಿ, ಬಂದ ಭಕ್ತರಿಗೆ ಅನ್ನ, ನೀರು ಕೊಡುವವರಿಗೆ ಯಾವ ಕ್ಲಬ್ಬಿನ ಸದಸ್ಯತ್ವವೂ ಬೇಕಾಗಿರಲಿಲ್ಲ.

ಆ ಪಟ್ಟಿಯಲ್ಲಿ ಒಂದು ಒಳ್ಳೆಯ ಗುಣ ಇತ್ತು. ಎಲ್ಲರಿಗೂ ಎಲ್ಲ ಕಾಣುತ್ತಿತ್ತು. ಗುಡಿಯ ಗೋಡೆ ಎದ್ದದ್ದು ಕಾಣುತ್ತದೆ, ಹುಗ್ಗಿ ಬೆಂದದ್ದು ಕಾಣುತ್ತದೆ. ಲೆಕ್ಕ ತಪ್ಪಿದರೆ ಮರುದಿನ ಕಟ್ಟೆ ಮೇಲೆ ಅದೇ ಮಾತು. ಕೊಟ್ಟವನೂ ಊರಲ್ಲೇ, ಖರ್ಚು ಮಾಡಿದವನೂ ಊರಲ್ಲೇ.

ದೊಡ್ಡ ಮೊತ್ತದ ದಾನಕ್ಕೆ ಕಟ್ಟೆಯ ಮಾತು ಸಾಲದು, ಕಾಗದ ಬೇಕು. ಅದಕ್ಕೂ ನಮ್ಮ ನಡುವೆಯೇ ಉದಾಹರಣೆ ಇದೆ. ಸವದತ್ತಿ ತಾಲೂಕಿನ ಸಿರಸಂಗಿಗೆ ಹೆಚ್ಚಿನವರು ಹೋಗುವುದು ಕಾಳಮ್ಮನ ಗುಡಿಗೆ. ಅದೇ ಊರಿನ ವಾಡೆಯಲ್ಲಿ ಬಾಳಿದವರು ದೇಸಾಯಿ ಲಿಂಗರಾಜರು. ಹುಟ್ಟಿದ್ದು 1861ರಲ್ಲಿ, ತೀರಿಕೊಂಡದ್ದು 1906ರಲ್ಲಿ. ಮಕ್ಕಳಿರಲಿಲ್ಲ. ತಮ್ಮ ಸಂಸ್ಥಾನದ ಆಸ್ತಿಯನ್ನು ಲಿಂಗಾಯತ ಮಕ್ಕಳ ವಿದ್ಯಾಭ್ಯಾಸಕ್ಕೆ ಮೀಸಲು ಅಂತ ಮೃತ್ಯುಪತ್ರದಲ್ಲಿ ಬರೆದಿಟ್ಟರು. ‘ತ್ಯಾಗವೀರ’ ಅಂತ ಜನ ಕರೆದರು. ಬೆಳಗಾವಿಯಲ್ಲಿ 1916ರಲ್ಲಿ ಹುಟ್ಟಿದ ಕೆಎಲ್ಇ ಸಂಸ್ಥೆ 1933ರಲ್ಲಿ ಕಾಲೇಜು ತೆರೆದಾಗ ಅದಕ್ಕೆ ಸಿಕ್ಕಿದ್ದು ಅವರದೇ ಹೆಸರು. ನಿಮ್ಮ ಮನೆಯಲ್ಲೂ ಲಿಂಗರಾಜ ಕಾಲೇಜಿನಲ್ಲಿ ಓದಿದ ಒಬ್ಬ ಕಾಕಾ ಇದ್ದರೂ ಇರಬಹುದು.

ಆ ದಾನ ಕೊಟ್ಟವರು ಹೋಗಿ ನೂರು ವರ್ಷ ದಾಟಿದ ಮೇಲೂ ಅದರ ಮಾತು ಉಳಿದದ್ದಕ್ಕೆ ಆಸ್ತಿಯ ಗಾತ್ರವೊಂದೇ ಕಾರಣವಲ್ಲ. ಹಣ ಯಾವುದಕ್ಕೆ ಅನ್ನೋದು ಬರವಣಿಗೆಯಲ್ಲಿ ಸ್ಪಷ್ಟವಾಗಿತ್ತು. ಕ್ಲಬ್ಬಿನ ಐವತ್ತು ಸಾವಿರ ರೂಪಾಯಿಗೂ ಇದೇ ನಿಯಮ ಸಲ್ಲುತ್ತದೆ.

ಎರಡು ಕಿಸೆಯ ನಿಯಮ

ಈಗ ಕ್ಲಬ್ಬುಗಳ ಕಡೆ ಬರೋಣ. ರೋಟರಿ ಶುರುವಾದದ್ದು 1905ರಲ್ಲಿ, ಷಿಕಾಗೊದಲ್ಲಿ. ಲಯನ್ಸ್ ಕೂಡ ಅದೇ ಊರಿನದು, 1917ರಲ್ಲಿ. ಭಾರತದಲ್ಲಿ ರೋಟರಿ ಮೊದಲು ಬೇರೂರಿದ್ದು ಕಲ್ಕತ್ತೆಯಲ್ಲಿ. ಲಯನ್ಸ್ 1956ರಲ್ಲಿ ಮುಂಬೈಗೆ ಬಂತು. ಅಲ್ಲಿಂದ ಜಿಲ್ಲಾ ಕೇಂದ್ರಗಳಿಗೆ, ತಾಲೂಕು ಊರುಗಳಿಗೆ ಹಬ್ಬಿದವು. ವಕೀಲರು, ಡಾಕ್ಟರು, ಅಡತಿ ಅಂಗಡಿಯವರು, ಮೇಷ್ಟ್ರು, ಬ್ಯಾಂಕಿನವರು, ಹೀಗೆ ಊರಲ್ಲಿ ನಾಲ್ಕು ಜನಕ್ಕೆ ಗೊತ್ತಿರುವವರು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಕೂಡುವ ಜಾಗ ಅದು.

ಇವುಗಳಲ್ಲಿ ಲಯನ್ಸ್‌ನ ಒಂದು ನಿಯಮ ಎಲ್ಲರಿಗೂ ಗೊತ್ತಿರಬೇಕು. ಕ್ಲಬ್ಬಿಗೆ ಎರಡು ಕಿಸೆ ಇರಬೇಕು. ಒಂದು ಆಡಳಿತದ ಕಿಸೆ: ಸದಸ್ಯರ ಚಂದಾ ಅಲ್ಲಿಗೆ ಬರುತ್ತದೆ, ಸಭೆಯ ಊಟ, ಹಾಲ್ ಬಾಡಿಗೆ, ಪದಗ್ರಹಣದ ಶಾಲು ಎಲ್ಲವೂ ಅಲ್ಲಿಂದ. ಇನ್ನೊಂದು ಸೇವೆಯ ಕಿಸೆ: ಜನರಿಂದ ಎತ್ತಿದ ಹಣ ಅಲ್ಲಿಗೆ. ಕಾರ್ಯಕ್ರಮಕ್ಕೆ ನೇರವಾಗಿ ತಗುಲಿದ ಖರ್ಚು ಕಳೆದು ಉಳಿದದ್ದು ಪೂರ್ತಿ ಜನರ ಕೆಲಸಕ್ಕೇ ಹೋಗಬೇಕು. ಸದಸ್ಯರ ಊಟಕ್ಕೆ ಅದರಿಂದ ಒಂದು ಪೈಸೆಯನ್ನೂ ಮುಟ್ಟುವ ಹಾಗಿಲ್ಲ. ರೋಟರಿ ಫೌಂಡೇಶನ್‌ನಿಂದ ಯೋಜನೆಗೆ ಹಣ ಪಡೆಯುವ ಕ್ಲಬ್ಬುಗಳೂ ಆ ಹಣದ ಖಾತೆ ಬೇರೆ ಇಡಬೇಕು, ವರದಿ ಒಪ್ಪಿಸಬೇಕು. ಆ ಫೌಂಡೇಶನ್‌ಗೆ ಬಂದ ಮೊದಲ ದೇಣಿಗೆ ಎಷ್ಟು ಗೊತ್ತೇ? 26 ಡಾಲರ್ 50 ಸೆಂಟ್. ಕಾನ್ಸಾಸ್ ಸಿಟಿಯ ಕ್ಲಬ್ಬು ಕೊಟ್ಟದ್ದು. ಸಣ್ಣ ಮೊತ್ತ ಅಂತ ನಾಚಿಕೊಳ್ಳುವವರಿಗೆ ಈ ಲೆಕ್ಕ ನೆನಪಿರಲಿ.

ಜಿಲ್ಲೆಯಲ್ಲಿ ಹಣ ಎತ್ತುವ ಕಾರ್ಯಕ್ರಮ ಅಂದರೆ ಬಹಳ ಜನಕ್ಕೆ ಥಟ್ಟನೆ ಹೊಳೆಯುವುದು ಬೆಳಗಾವಿ ರೋಟರಿಯವರು ಚಳಿಗಾಲದಲ್ಲಿ ಮಾಡುವ ‘ಅನ್ನೋತ್ಸವ’. ಸಾಲು ಮಳಿಗೆ, ಬಗೆಬಗೆಯ ತಿನಿಸು, ಸಂಜೆ ಹಾಡು, ಕುಣಿತ. ತಿನ್ನೋಕೆ ಹೋದವರ ಹಣ ಸೇವಾ ಯೋಜನೆಗಳಿಗೆ ತಿರುಗುತ್ತದೆ. ತಾಲೂಕು ಊರಿನಲ್ಲಿ ಅಷ್ಟು ದೊಡ್ಡದು ಆಗುವುದಿಲ್ಲ. ಒಂದು ಸಂಜೆಯ ಕಾರ್ಯಕ್ರಮ ಅಂತ ಇಟ್ಟುಕೊಂಡು ಲೆಕ್ಕ ಹಾಕಿ ನೋಡೋಣ. ಇದು ಉದಾಹರಣೆಗೆ ಮಾತ್ರ.

ಇನ್ನೂರು ರೂಪಾಯಿಯ 600 ಪಾಸ್ ಮಾರಿದರೆ 1,20,000. ಅಂಗಡಿಗಳ ಜಾಹೀರಾತಿನಿಂದ 30,000. ಒಟ್ಟು ಒಂದೂವರೆ ಲಕ್ಷ. ಶಾಮಿಯಾನ, ಮೈಕ್ 35,000. ಕಲಾವಿದರಿಗೆ 40,000. ಊಟ 20,000. ಅಚ್ಚಿನ ಖರ್ಚು 5,000. ಕೈಲಿ ಉಳಿದದ್ದು 50,000. ಅಂದರೆ ನಿಮ್ಮ ಇನ್ನೂರರಲ್ಲಿ ಕೆಲಸಕ್ಕೆ ಮುಟ್ಟಿದ್ದು ಸುಮಾರು 67 ರೂಪಾಯಿ.

ಇದು ಮೋಸ ಅಲ್ಲ, ಕಾರ್ಯಕ್ರಮ ಮಾಡಿದರೆ ಖರ್ಚು ಇದ್ದೇ ಇರುತ್ತದೆ. ಆದರೆ ‘ಒಂದೂವರೆ ಲಕ್ಷ ಸಂಗ್ರಹ’ ಅನ್ನುವುದಕ್ಕೂ ‘ಐವತ್ತು ಸಾವಿರ ದೇಣಿಗೆ’ ಅನ್ನುವುದಕ್ಕೂ ಇರುವ ಅಂತರ ಕೊಟ್ಟವರಿಗೆ ಗೊತ್ತಾಗಬೇಕು. ಸಣ್ಣ ಊರಿಗೆ ಇಲ್ಲೊಂದು ದೊಡ್ಡ ಅನುಕೂಲವೂ ಇದೆ. ಶಾಮಿಯಾನದವನು ಕ್ಲಬ್ಬಿನವರ ಗೆಳೆಯ, ಬಾಡಿಗೆ ಬಿಡುತ್ತಾನೆ. ಅಡುಗೆಯವರು ಸಾಮಾನಿನ ಹಣ ಅಷ್ಟೇ ತಗೊಳ್ಳುತ್ತಾರೆ. ಪ್ರೆಸ್ಸಿನವರು ಕಾಗದದ ಖರ್ಚಿಗೆ ಅಚ್ಚು ಹಾಕುತ್ತಾರೆ. ಅದೇ ಸಂಜೆಯ ಖರ್ಚು 50,000ಕ್ಕೆ ಇಳಿದರೆ ದೇಣಿಗೆ ಒಂದು ಲಕ್ಷಕ್ಕೆ ಏರುತ್ತದೆ. ಫೋಟೊದಲ್ಲಿ ಮೊದಲ ಸಾಲಿನಲ್ಲಿ ನಿಲ್ಲಬೇಕಾದವರು ಇಂಥವರು.

ಚೆಕ್ಕಿನ ಆಚೆ: ಒಂದು ಕಣ್ಣಿನ ಕಥೆ

ಕ್ಲಬ್ಬುಗಳ ಹಣ ಹೆಚ್ಚಾಗಿ ಹರಿಯುವ ಕೆಲಸಗಳಲ್ಲಿ ಕಣ್ಣಿನದು ಮೊದಲನೆಯದು. 1925ರ ಜೂನ್ 30ರಂದು ಅಮೆರಿಕದ ಓಹಾಯೊದಲ್ಲಿ ಹೆಲನ್ ಕೆಲರ್ ಲಯನ್ಸ್ ಸಮಾವೇಶದಲ್ಲಿ ಮಾತನಾಡಿ, ಕುರುಡರ ಪರವಾಗಿ ನಿಲ್ಲಿ ಅಂತ ಕೇಳಿಕೊಂಡರು. ಅಂದಿನಿಂದ ಕಣ್ಣಿನ ಕೆಲಸ ಆ ಸಂಸ್ಥೆಯ ಗುರುತೇ ಆಗಿದೆ.

ನಮಗಂತೂ ಕಣ್ಣಿನ ಶಿಬಿರ ಅಂದರೆ ಡಾ. ಎಂ.ಸಿ. ಮೋದಿ. ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದ ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದವರು. ಊರೂರಿಗೆ ಹೋಗಿ, ಅಲ್ಲೇ ಬೀಡುಬಿಟ್ಟು, ಸಾಲಾಗಿ ಮಲಗಿಸಿ ಮೋತಿಬಿಂದು ತೆಗೆದ ಡಾಕ್ಟರು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿದ್ದು ಗಿನ್ನೆಸ್ ದಾಖಲೆಗೆ ಸೇರಿತು. ಅಂಥ ಶಿಬಿರ ನಡೆಯಬೇಕಾದರೆ ಸ್ಥಳ ಕೊಡುವವರು, ಗಂಜಿ ಕಾಯಿಸುವವರು, ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಅಜ್ಜನ ಕೈಹಿಡಿದು ನಡೆಸುವವರು ಊರವರೇ ಆಗಿರಬೇಕಿತ್ತು.

ಇಂದು ಹಾಗೆ ಶಾಲೆ ಕೋಣೆಯಲ್ಲಿ ಆಪರೇಶನ್ ಮಾಡುವುದಿಲ್ಲ, ಸೋಂಕಿನ ಭಯ. ಊರಲ್ಲಿ ತಪಾಸಣೆ ಅಷ್ಟೇ. ಪೊರೆ ಬಂದವರನ್ನು ಬೆಳಗಾವಿಗೋ ಹುಬ್ಬಳ್ಳಿಗೋ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮಸೂರ ಹಾಕಿಸಿ, ವಾಪಸ್ ಕರೆತರುತ್ತಾರೆ. ಆಪರೇಶನ್ ಖರ್ಚನ್ನು ಬಹಳ ಕಡೆ ಆಸ್ಪತ್ರೆಯ ಟ್ರಸ್ಟೋ ಸರ್ಕಾರದ ಯೋಜನೆಯೋ ನೋಡಿಕೊಳ್ಳುತ್ತದೆ. ಹಾಗಾದರೆ ಕ್ಲಬ್ಬಿನ ಹಣಕ್ಕೆ ಏನು ಕೆಲಸ?

ನಡುವಿನ ಸಂದುಗಳಲ್ಲಿ ಕೆಲಸ ಇದೆ. ರಾಮದುರ್ಗದಿಂದ ಬೆಳಗಾವಿ ಸುಮಾರು ನೂರು ಕಿಲೋಮೀಟರ್. 2023ರ ಜೂನ್‌ನಿಂದ ‘ಶಕ್ತಿ’ ಯೋಜನೆಯಲ್ಲಿ ಅಜ್ಜಿಗೆ ಬಸ್ ಟಿಕೆಟ್ ಇಲ್ಲ. ಜೊತೆಗೆ ಹೋಗುವ ಮಗನಿಗೆ ಇದೆ, ಅವನ ಒಂದೆರಡು ದಿನದ ಕೂಲಿಯೂ ಹೋಗುತ್ತದೆ. ಶಿಬಿರದಲ್ಲಿ ಸಕ್ಕರೆಯೋ ಬಿಪಿಯೋ ಹೆಚ್ಚಿದೆ ಅಂತ, ‘ಮೊದಲು ಇಳಿಸಿಕೊಂಡು ಬರ್ರಿ’ ಅಂತ ವಾಪಸ್ ಕಳಿಸಿದವರದು ಇನ್ನೊಂದು ಸಂದು. ಅವರಲ್ಲಿ ಎಷ್ಟು ಜನ ಮತ್ತೆ ಬರುತ್ತಾರೆ? ಯಾರೂ ಫೋನ್ ಮಾಡದಿದ್ದರೆ ಅವರ ಪಾಲಿಗೆ ಶಿಬಿರ ಅಲ್ಲಿಗೇ ಮುಗಿಯಿತು. ಆಪರೇಶನ್ ಆದ ಮೇಲೆ ವಾರಗಟ್ಟಲೆ ಹನಿ ಔಷಧಿ ಹಾಕಬೇಕು, ಮರುತಪಾಸಣೆಗೆ ಹೋಗಬೇಕು, ಕೆಲವರಿಗೆ ಓದುವ ಚಾಳೀಸು ಬೇಕು. ಮನೆಯಲ್ಲಿ ಅಜ್ಜಿ ಒಬ್ಬಳೇ ಇದ್ದರೆ ಹನಿ ಹಾಕುವವರು ಯಾರು?

ಇವು ಯಾವುವೂ ಫೋಟೊಗೆ ಬರುವಂಥವಲ್ಲ. ‘200 ಜನರಿಗೆ ತಪಾಸಣೆ’ ಅಂತ ಬ್ಯಾನರ್ ಬರೆಯಬಹುದು, ‘ವಾಪಸ್ ಕಳಿಸಿದ 14 ಜನರಲ್ಲಿ 11 ಮಂದಿಯನ್ನು ಮತ್ತೆ ಕರೆತಂದೆವು’ ಅಂತ ಯಾರೂ ಬರೆಯುವುದಿಲ್ಲ. ಆದರೆ ಎರಡನೆಯ ಸಾಲು ಬರೆಯಬಲ್ಲ ಕ್ಲಬ್ಬು ಇದ್ದರೆ, ನಿಮ್ಮ ಇನ್ನೂರು ರೂಪಾಯಿ ಕಣ್ಣುಮುಚ್ಚಿ ಅಲ್ಲಿಗೆ ಕೊಡಬಹುದು.

ರಕ್ತಕ್ಕೂ ಒಂದು ಕ್ಯಾಲೆಂಡರ್ ಇದೆ

ಸಂಗೊಳ್ಳಿ ಇರುವುದು ಬೈಲಹೊಂಗಲ ತಾಲೂಕಿನಲ್ಲಿ. ರಾಯಣ್ಣ ಹುಟ್ಟಿದ್ದು ಆಗಸ್ಟ್ 15, ನಂದಗಡದಲ್ಲಿ ನೇಣಿಗೇರಿದ್ದು 1831ರ ಜನವರಿ 26 ಅಂತ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಹಾಗಾಗಿ ದೇಶದ ಎರಡು ದೊಡ್ಡ ಹಬ್ಬಗಳು ಇಲ್ಲಿ ಇಮ್ಮಡಿ ಹಬ್ಬ. ಅಂಥ ದಿನಗಳಲ್ಲಿ ರಕ್ತದಾನ ಶಿಬಿರಗಳೂ ಜೋರು. ಒಳ್ಳೆಯದೇ. ಆದರೆ ರಕ್ತ ಡಬ್ಬಿಯಲ್ಲಿ ಹಾಕಿಡುವ ಬೇಳೆ ಅಲ್ಲ. ಕೆಂಪುಕಣಗಳನ್ನು ಹೆಚ್ಚೆಂದರೆ 42 ದಿನ ಇಡಬಹುದು, ಪ್ಲೇಟ್‌ಲೆಟ್ ಐದು ದಿನ. ಒಮ್ಮೆ ಕೊಟ್ಟ ಗಂಡಸರು ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಮತ್ತೆ ಕೊಡುವ ಹಾಗಿಲ್ಲ. ಎಲ್ಲರೂ ಒಂದೇ ವಾರ ಕೊಟ್ಟರೆ, ಕಾಲೇಜುಗಳಿಗೆ ರಜೆ ಬಿದ್ದು ದಾನಿಗಳೇ ಸಿಗದ ಏಪ್ರಿಲ್, ಮೇ ಬಿಸಿಲಲ್ಲಿ ಹೆರಿಗೆಗೆ ಬಂದ ಹೆಣ್ಣುಮಗಳಿಗೆ ಯಾರು ಕೊಡಬೇಕು?

ನಾಲ್ಕು ತಾಲೂಕಿನ ಕ್ಲಬ್ಬುಗಳು ಒಂದು ಕಡೆ ಕೂತು ತಿಂಗಳು ಹಂಚಿಕೊಂಡರೆ ಸಾಕು. ಇದಕ್ಕೆ ಹಣವೂ ಬೇಕಿಲ್ಲ. ಒಂದು ಹಾಳೆ, ಒಂದು ಚಹಾ.

ಹೊಳೆ ಬಂದಾಗ

ಈ ಊರುಗಳ ಸೀಮೆಯನ್ನು ಹೊಲಿದಿರುವ ದಾರ ಮಲಪ್ರಭೆ. ಕಣಕುಂಬಿಯಲ್ಲಿ ಹುಟ್ಟಿ ಎಂ.ಕೆ. ಹುಬ್ಬಳ್ಳಿಯ ಮೇಲೆ ಹಾದು, ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ನಿಂತು, ಮುನವಳ್ಳಿ ದಾಟಿ ರಾಮದುರ್ಗಕ್ಕೆ ಬರುತ್ತದೆ. 2019ರ ಆಗಸ್ಟ್‌ನಲ್ಲಿ ಅದೇ ಹೊಳೆ ದಂಡೆಯ ಊರುಗಳಿಗೆ ನುಗ್ಗಿತು. ಆಗ ನೆರವು ಹರಿದು ಬಂದದ್ದು ನಿಜ. ರೊಟ್ಟಿ ಕಟ್ಟಿಕೊಂಡು ಬಂದವರಿದ್ದರು, ಚಾದರ ತಂದವರಿದ್ದರು.

ನೆರೆಯ ಮೊದಲ ವಾರಕ್ಕೂ ಮೂರನೆಯ ತಿಂಗಳಿಗೂ ಅಗತ್ಯ ಬೇರೆ. ಮೊದಲ ವಾರ ಅನ್ನ, ನೀರು, ಹೊದಿಕೆ. ಮೂರನೆಯ ತಿಂಗಳಿಗೆ ನೇಕಾರನ ಮಗ್ಗದ ಕುಣಿಯಲ್ಲಿ ಕೂತ ಕೆಸರು, ಹುಡುಗನ ಕೊಚ್ಚಿಹೋದ ಮಾರ್ಕ್ಸ್ ಕಾರ್ಡು, ಹೊಲಿಗೆ ಯಂತ್ರದ ತುಕ್ಕು. ಹಳೆ ಬಟ್ಟೆಯ ರಾಶಿಯಿಂದ ಇವು ಯಾವುವೂ ಸರಿಹೋಗುವುದಿಲ್ಲ. ಟಿವಿಯವರು, ಲಾರಿಯವರು ಹೋದ ಮೇಲೂ ಊರಲ್ಲಿ ಉಳಿಯುವುದು ಊರಿನ ಕ್ಲಬ್ಬೇ. ಸಂಗ್ರಹವಾದದ್ದರಲ್ಲಿ ಅರ್ಧವನ್ನು ಮೂರು ತಿಂಗಳು ಎತ್ತಿಡುವ ಧೈರ್ಯ ಅದಕ್ಕೆ ಬೇಕು. ‘ಇನ್ನೂ ಯಾಕ ಹಂಚಿಲ್ಲ?’ ಅಂತ ಮರುದಿನವೇ ಗದರಿಸದಷ್ಟು ತಾಳ್ಮೆ ಕೊಟ್ಟವರಿಗೂ ಬೇಕು.

ಜುಲೈ ಒಂದರ ಸಮಸ್ಯೆ

ರೋಟರಿ, ಲಯನ್ಸ್ ಎರಡಕ್ಕೂ ವರ್ಷ ಶುರುವಾಗುವುದು ಜುಲೈ 1ಕ್ಕೆ. ಆ ತಿಂಗಳು ಸ್ಥಳೀಯ ಪತ್ರಿಕೆ ತುಂಬ ಪದಗ್ರಹಣದ ಸುದ್ದಿ. ಪ್ರತಿ ವರ್ಷ ಹೊಸ ಅಧ್ಯಕ್ಷರು, ಹೊಸ ಕಾರ್ಯದರ್ಶಿ, ಹೊಸ ಖಜಾಂಚಿ. ಕುರ್ಚಿ ಯಾರಿಗೂ ಅಂಟಬಾರದು ಅನ್ನುವ ಒಳ್ಳೆಯ ಉದ್ದೇಶ ಇದರಲ್ಲಿದೆ. ಆದರೆ ಪ್ರತಿ ಹೊಸ ಅಧ್ಯಕ್ಷರಿಗೂ ತಮ್ಮದೊಂದು ಹೊಸ ಯೋಜನೆ ಬೇಕು ಅನಿಸುತ್ತದೆ. ಹೋದ ವರ್ಷ ಶಾಲೆಗೆ ಕೊಟ್ಟ ನೀರಿನ ಶುದ್ಧೀಕರಣ ಯಂತ್ರದ ಫಿಲ್ಟರ್ ಬದಲಿಸುವುದು ಯಾರ ಕೆಲಸ? ಯಂತ್ರದ ಮೇಲೆ ದಾನಿಗಳ ಹೆಸರು ಇನ್ನೂ ಹೊಳೆಯುತ್ತಿರುತ್ತದೆ, ನೀರು ಮಾತ್ರ ಬರುವುದಿಲ್ಲ.

ಹಿಡಿದ ಕೆಲಸ ಬಿಡದೆ ನಡೆಸಿದರೆ ಏನಾಗುತ್ತದೆ ಅನ್ನುವುದಕ್ಕೆ ಪೋಲಿಯೊ ಸಾಕ್ಷಿ. ರೋಟರಿ ಅದನ್ನು ಕೈಗೆತ್ತಿಕೊಂಡದ್ದು 1985ರಲ್ಲಿ. ಅಧ್ಯಕ್ಷರು ವರ್ಷವರ್ಷ ಬದಲಾದರು, ಕೆಲಸ ಬದಲಾಗಲಿಲ್ಲ. ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಮನೆಮನೆಗೆ ಹೋದ ಅಂಗನವಾಡಿ ಮತ್ತು ಆಶಾ ಅಕ್ಕಂದಿರು ಎಲ್ಲರೂ ಕೂಡಿದರು. ಭಾರತದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡಿತು. 2014ರ ಮಾರ್ಚ್ 27ರಂದು ನಮ್ಮ ದೇಶ ಪೋಲಿಯೊಮುಕ್ತ ಅಂತ ಪ್ರಮಾಣಪತ್ರ ಸಿಕ್ಕಿತು. ಸುಮಾರು ಮೂವತ್ತು ವರ್ಷದ ಕೆಲಸ. ತಾಲೂಕು ಕ್ಲಬ್ಬು ಮೂವತ್ತು ವರ್ಷ ಹಿಡಿಯಬೇಕಿಲ್ಲ. ಒಂದು ಶಾಲೆ, ಒಂದು ಆಸ್ಪತ್ರೆ ವಾರ್ಡು ಅಂತ ಐದು ವರ್ಷ ಹಿಡಿದರೂ ಊರಿನ ಚಹರೆ ಬದಲಾದೀತು.

ಕೊಡುವ ಮೊದಲು, ಕೊಟ್ಟ ಮೇಲೆ

ಹಾಗಾದರೆ ಪಾಸ್ ಬಂದಾಗ ಏನು ಕೇಳಬೇಕು? ನಾಲ್ಕೇ ಪ್ರಶ್ನೆ, ಮರ್ಯಾದೆಯಿಂದ.

ಒಂದು: ಹಣ ಯಾವ ಕೆಲಸಕ್ಕೆ? ‘ಸಮಾಜಸೇವೆ’ ಅನ್ನುವುದು ಉತ್ತರವಲ್ಲ. ‘ಇಂಥ ಶಾಲೆಯ ಹೆಣ್ಣುಮಕ್ಕಳ ಶೌಚಾಲಯಕ್ಕೆ’ ಅನ್ನುವುದು ಉತ್ತರ.

ಎರಡು: ಕ್ಯೂಆರ್ ಕೋಡ್ ಯಾರ ಹೆಸರಲ್ಲಿದೆ? ಕ್ಲಬ್ಬಿನ ಅಥವಾ ಅದರ ಟ್ರಸ್ಟಿನ ಹೆಸರು ಬರಬೇಕು. ವ್ಯಕ್ತಿಯ ಹೆಸರು ಬಂದರೆ ಒಂದು ಫೋನ್ ಮಾಡಿ ಕೇಳಿ.

ಮೂರು: ಕಾರ್ಯಕ್ರಮ ಮುಗಿದ ಮೇಲೆ ಒಂದು ಪುಟದ ಲೆಕ್ಕ ಕಳಿಸುತ್ತೀರಾ? ಬಂದದ್ದು, ಖರ್ಚು, ಉಳಿದದ್ದು, ಕೊಟ್ಟದ್ದು. ಅಷ್ಟೇ.

ನಾಲ್ಕು: ಆರು ತಿಂಗಳ ಮೇಲೆ ಆ ಕೆಲಸ ಹೇಗಿದೆ ಅಂತ ನೋಡುವವರು ಯಾರು?

ತೆರಿಗೆ ವಿನಾಯಿತಿಯ ಆಸೆ ಇದ್ದವರಿಗೆ ಒಂದು ಮಾತು. 80ಜಿ ಅಂತ ನಾವೆಲ್ಲ ಕರೆಯುವ ವಿನಾಯಿತಿ ಸಿಗಬೇಕಾದರೆ ಹಣ ಪಡೆದ ಸಂಸ್ಥೆಗೆ ಆ ನೋಂದಣಿ ಇರಬೇಕು, ನೀವು ಹಳೆಯ ತೆರಿಗೆ ಪದ್ಧತಿಯಲ್ಲಿರಬೇಕು, ಎರಡು ಸಾವಿರ ರೂಪಾಯಿಗಿಂತ ಹೆಚ್ಚಿನ ಮೊತ್ತ ನಗದಾಗಿ ಕೊಟ್ಟಿರಬಾರದು. ಊಟ ಮಾಡಿ, ಹಾಸ್ಯ ಕೇಳಿ ಬಂದ ಪಾಸಿನ ಹಣವನ್ನು ದೇಣಿಗೆ ಅಂತ ತೋರಿಸಲು ಹೋಗಬೇಡಿ.

ಹಣಕ್ಕಿಂತ ಅಪರೂಪದ ಒಂದು ವಸ್ತು ನಿಮ್ಮ ಬಳಿ ಇದೆ. ದಿನವಿಡೀ ಎಕ್ಸೆಲ್ ಶೀಟಿನ ಮುಂದೆ ಕೂರುವವರು ನೀವು. ಊರಿನ ಖಜಾಂಚಿ ಕಾಕಾ ಅಂಗಡಿ ಮುಚ್ಚಿ ರಾತ್ರಿ ಹತ್ತಕ್ಕೆ ರಸೀದಿ ಪುಸ್ತಕ ಹಿಡಿದು ಕೂರುತ್ತಾರೆ. ಅವರಿಗೆ ತಿಂಗಳಿಗೆ ಎರಡು ತಾಸು ಕೊಡಿ. ಲೆಕ್ಕದ ಹಾಳೆಯನ್ನು ನೀವು ಮಾಡಿಕೊಡಿ. ಶಿಬಿರದಿಂದ ವಾಪಸ್ ಹೋದವರ ಪಟ್ಟಿ ಇಟ್ಟುಕೊಂಡು ಬೆಂಗಳೂರಿನಿಂದಲೇ ಫೋನ್ ಮಾಡಿ: “ಅಜ್ಜೀ, ಸಕ್ಕರಿ ಇಳೀತೇನ್ರಿ? ಮುಂದಿನ ವಾರ ಗಾಡಿ ಬರತೈತ್ರಿ.” ವಿದ್ಯಾರ್ಥಿವೇತನಕ್ಕೆ ಅರ್ಜಿ ತುಂಬಲು ಬಾರದ ಹುಡುಗಿಗೆ ವಿಡಿಯೊ ಕಾಲ್‌ನಲ್ಲಿ ತುಂಬಿಸಿಕೊಡಿ. ಕಾಲೇಜು ಓದುವ ತಮ್ಮ, ತಂಗಿಯರಿಗೆ ರೋಟರ‍್ಯಾಕ್ಟ್, ಲಿಯೊ ಕ್ಲಬ್ಬುಗಳಿವೆ. ಕ್ಲಬ್ಬಿನ ಹಿರಿಯರಿಗೆ ಮಂಡಿನೋವು ಶುರುವಾಗಿರುವ ಊರಲ್ಲಿ ಓಡಾಡುವ ಕಾಲು ಅವರವೇ.

ಲೆಕ್ಕ ಕೇಳಿದರೆ ಊರಿನವರು ಬೇಜಾರು ಮಾಡ್ಕೋತಾರೇನೋ ಅನ್ನುವ ಅಳುಕು ಎಲ್ಲರಿಗೂ ಇದ್ದದ್ದೇ. ಕೇಳುವ ಕೈಯೇ ಕೆಲಸಕ್ಕೂ ಬಂದರೆ ಆ ಬೇಜಾರು ಬಹಳ ದಿನ ಉಳಿಯುವುದಿಲ್ಲ. ನಿಯತ್ತಾಗಿ ದುಡಿಯುವ ಖಜಾಂಚಿಗೆ ಲೆಕ್ಕ ಕೇಳುವವರು ಸಿಗುವುದು ಸಂತೋಷದ ಸಂಗತಿಯೇ. ಇಷ್ಟು ದಿನ ಅವರ ಹಾಳೆಯನ್ನು ಓದುವವರೇ ಇರಲಿಲ್ಲ.